ಘೋಷಣಾ ಪತ್ರದ ಎರಡನೇ ಸಾಲು

ಮಂಗಳವಾರ ಮತ್ತು ಶುಕ್ರವಾರ ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳಾಗದ ದಂಪತಿಗಳನ್ನು ನೋಡುವ ದಿನ. ನೋಡುವುದು ಡಾಕ್ಟರಮ್ಮ. ಕೂರಿಸಿ ಮಾತಾಡಿಸುವುದು, ಕಾಗದ ಸೇರಿಸುವುದು, ಫೈಲು ಕಟ್ಟಿ ಬೆಂಗಳೂರಿಗೆ ಕಳಿಸುವುದು ನಾನು. ನನ್ನ ಹುದ್ದೆಗೆ ಆಪ್ತಸಮಾಲೋಚಕಿ ಎಂದು ಹೆಸರು. ಆದರೆ ಜನರಿಗಿಂತ ಅವರ ಜೆರಾಕ್ಸ್ ಪ್ರತಿಗಳ ಜೊತೆಗೇ ನನಗೆ ಒಡನಾಟ ಹೆಚ್ಚು.

ಬಡ ಕುಟುಂಬದ ದಂಪತಿಗೆ ಒಂದು ಸಲದ ಮಟ್ಟಿಗೆ ಐವಿಎಫ್ ಚಿಕಿತ್ಸೆಯನ್ನು ಬೆಂಗಳೂರಿನ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಸರ್ಕಾರದ ಖರ್ಚಿನಲ್ಲೇ ಮಾಡಿಸುವ ಏರ್ಪಾಡಿತ್ತು. ಅದಕ್ಕೆ ಫೈಲು ನಮ್ಮಿಂದಲೇ ಹೋಗಬೇಕು. ಇಬ್ಬರ ಆಧಾರ್, ಪಡಿತರ ಚೀಟಿ, ಮದುವೆ ನೋಂದಣಿ, ಶಾಲೆಯ ವರ್ಗಾವಣೆ ಪತ್ರ, ರಕ್ತಪರೀಕ್ಷೆಗಳು, ಗರ್ಭನಾಳದ ಎಕ್ಸ್‌ರೇ. ಎಲ್ಲದರ ಕೊನೆಗೆ ಒಂದು ಘೋಷಣಾ ಪತ್ರ. ಮೊದಲ ಸಾಲು, ನಾವು ಕಾನೂನುಬದ್ಧವಾಗಿ ಮದುವೆಯಾಗಿದ್ದೇವೆ. ಎರಡನೇ ಸಾಲು, ನಾವಿಬ್ಬರೂ ಭಾರತದ ಪ್ರಜೆಗಳು. ಮೂರನೇ ಸಾಲು, ಈ ಹಿಂದೆ ಈ ಸೌಲಭ್ಯ ಪಡೆದಿಲ್ಲ. ಅದನ್ನು ಯಾರೂ ಓದುತ್ತಿರಲಿಲ್ಲ. ನಾನು ಹಾಳೆ ತಿರುಗಿಸಿ ಬೆರಳಿಟ್ಟ ಕಡೆ ಅವರು ಸಹಿ ಹಾಕುತ್ತಿದ್ದರು.

ಆ ಶುಕ್ರವಾರ ಕಬ್ಬಾಳಿನ ಕಡೆಯಿಂದ ಗಂಡಹೆಂಡತಿ ಬಂದಿದ್ದರು. ಆತ ಕುರಿ ಸಾಕುವ ಮನೆಯವನು, ನಲವತ್ತರ ಹತ್ತಿರ ಇರಬೇಕು. ಆಕೆಗೆ ಮೂವತ್ತಮೂರು. ಮದುವೆಯಾಗಿ ಹತ್ತು ವರ್ಷ. ಆಕೆಯ ಎರಡೂ ಗರ್ಭನಾಳ ಮುಚ್ಚಿಹೋಗಿದ್ದವು. ಮದುವೆಗೆ ಮುಂಚೆ ಆಕೆಗೆ ಕ್ಷಯ ಬಂದು ವಾಸಿಯಾಗಿತ್ತು, ಅದು ಒಳಗೆ ಉಳಿಸಿಹೋದ ಗಾಯ ಎಂದು ಡಾಕ್ಟರಮ್ಮ ಬರೆದಿದ್ದರು. ಐವಿಎಫ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ನಾನು ಎಂದಿನಂತೆ ಫಾರಂ ತುಂಬುತ್ತ, "ತವರು ಯಾವೂರಮ್ಮ?" ಎಂದೆ.

"ತವರು ಅಂತ ಯಾವ್ದೂ ಇಲ್ಲ ಮೇಡಮ್ನೋರೆ. ಕೈಲಾಂಚದ ತಾವು ಮಾವಿನ ತೋಟದಾಗೆ ಬೆಳೆದೋಳು ನಾನು."

"ಹುಟ್ಟಿದ್ದು?"

ಆಕೆ ಗಂಡನ ಮುಖ ನೋಡಿದಳು. ಆತ ತಲೆಯೆತ್ತಿ ಫ್ಯಾನು ನೋಡುತ್ತಿದ್ದ.

"ನೇಪಾಳದಾಗೆ," ಎಂದಳು.

ಕಣ್ಣುಮೂಗು ನೋಡಿ ನಾನೇ ಊಹಿಸಬಹುದಿತ್ತೇನೋ. ಆದರೆ ನಾನು ಕೇಳುತ್ತಿದ್ದದ್ದು ಆಕೆಯ ಮಾತನ್ನು. ಆ ಮಾತು ನಮ್ಮ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತ ಯಾವ ಹೆಂಗಸಿನ ಮಾತಿಗಿಂತಲೂ ಬೇರೆಯಾಗಿರಲಿಲ್ಲ.

ಕೇಳಿದಷ್ಟಕ್ಕೆ ಆಕೆ ಹೇಳಿದಳು. ನಾಲ್ಕು ವರ್ಷದವಳಿದ್ದಾಗ ಅಪ್ಪ ಅಮ್ಮ ಕರೆದುಕೊಂಡು ಬಂದಿದ್ದರಂತೆ. ಅಪ್ಪ ತೋಟದ ಕಾವಲಿಗೆ ನಿಂತ. ಆಕೆಗೆ ಎಂಟಾಗುವಾಗ ಅಮ್ಮ ಜ್ವರ ಬಂದು ತೀರಿಕೊಂಡಳು. ಮನೆಯಲ್ಲಿ ನೇಪಾಳಿ ಭಾಷೆ ಆಡುತ್ತಿದ್ದವಳು ಅಮ್ಮನೇ, ಅವಳೊಂದಿಗೆ ಅದೂ ಹೋಯಿತು. ಅಪ್ಪ ಮಗಳ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದ. ಮಗಳ ಮದುವೆ ಮಾಡಿ, ಊರನ್ನೊಮ್ಮೆ ನೋಡಿ ಬರುತ್ತೇನೆಂದು ಹೋದವನು ಅಲ್ಲೇ ಕಾಯಿಲೆ ಬಿದ್ದು ಸತ್ತ. ಯಾರೋ ಫೋನಿನಲ್ಲಿ ಹಿಂದಿಯಲ್ಲಿ ಹೇಳಿದರಂತೆ. ಆಮೇಲೆ ಆ ಫೋನೂ ಹಾಳಾಯಿತು, ನಂಬರೂ ಹೋಯಿತು.

ಆಕೆಯ ಆಧಾರ್ ಇತ್ತು, ಶಾಲೆಯ ದಿನಗಳ ನಂತರ ಎಲ್ಲರ ಜೊತೆ ಸಾಲಿನಲ್ಲಿ ನಿಂತು ಮಾಡಿಸಿದ್ದು. ಗಂಡನ ಮನೆಯ ಪಡಿತರ ಚೀಟಿಯಲ್ಲಿ ಹೆಸರೂ ಇತ್ತು. ಶಾಲೆಯ ವರ್ಗಾವಣೆ ಪತ್ರದಲ್ಲಿ ರಾಷ್ಟ್ರೀಯತೆ ಎಂಬಲ್ಲಿ ‘ಭಾರತೀಯ’ ಎಂದೂ ಜಾತಿ ಎಂಬಲ್ಲಿ ‘ನೇಪಾಳಿ’ ಎಂದೂ ಯಾರೋ ಮೇಷ್ಟ್ರು ದುಂಡಗೆ ಬರೆದಿದ್ದರು. ಹುಟ್ಟಿದ ಸ್ಥಳದ ಜಾಗ ಖಾಲಿ.

ಘೋಷಣಾ ಪತ್ರದ ಹಾಳೆಯನ್ನು ನಾನು ತಿರುಗಿಸಲಿಲ್ಲ. ಮುಂದಿನ ವಾರ ಬನ್ನಿ ಎಂದು ಹೇಳಿ ಕಳಿಸಿದೆ.

ಮಧ್ಯಾಹ್ನ ಡಾಕ್ಟರಮ್ಮನನ್ನು ಕೇಳಿದೆ. ಅವರು ಊಟದ ಡಬ್ಬಿ ಮುಚ್ಚಿ ಬದಿಗಿಟ್ಟರು. "ಯಾವ ದೇಶದ ಗರ್ಭಕೋಶ ಅಂತ ನಾನು ನೋಡೋದಿಲ್ಲ. ಕಾಗದ ನೋಡೋದು ನಿಮ್ಮ ಕೆಲಸ, ನೀವೇ ತೀರ್ಮಾನ ಮಾಡಿ. ಒಂದು ಮಾತ್ರ ನೆನಪಿರಲಿ, ಅವಳ ಅಂಡಾಣು ಕಮ್ಮಿ ಇದೆ. ಒಂದು ವರ್ಷ ಕಾದ್ರೆ ನನ್ನ ಹತ್ರ ಬಂದ್ರೂ ಪ್ರಯೋಜನ ಇಲ್ಲ," ಎಂದರು.

ಮುಂದಿನ ಮಂಗಳವಾರ ಗಂಡ ಒಬ್ಬನೇ ಬಂದ. ಆಕೆಯನ್ನು ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕೂರಿಸಿದ್ದ. ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲಿಟ್ಟ. ಛಾಪಾ ಕಾಗದದ ಮೇಲೆ ಪ್ರಮಾಣಪತ್ರ. ಆಕೆ ಕೈಲಾಂಚ ಹೋಬಳಿಯ ತೋಟದ ಮನೆಯಲ್ಲಿ ಹುಟ್ಟಿದಳೆಂದೂ ಹೆರಿಗೆ ಮನೆಯಲ್ಲೇ ಆದದ್ದರಿಂದ ಜನನ ನೋಂದಣಿ ಆಗಿಲ್ಲವೆಂದೂ ಇಬ್ಬರು ಸಾಕ್ಷಿಗಳ ಸಹಿ. ಊರಿನ ಯಾರೋ ತಿಳಿದವರು ಬರೆಸಿಕೊಟ್ಟಿದ್ದರು.

"ನೀವು ವಸಿ ಕಣ್ಮುಚ್ಕಂಡ್ರೆ ಸಾಕು ಮೇಡಮ್ನೋರೆ," ಎಂದ. "ಯಾರ್ಗೂ ಏನೂ ನಷ್ಟ ಇಲ್ಲ. ನಮ್ಮವ್ವ ಇನ್ನೊಂದ್ ಮದ್ವೆ ಆಗ್ಬುಡ್ಲಾ ಅಂತ ಕುಂತವ್ಳೆ. ನಾನು ಆಗಾಕಿಲ್ಲ. ಆದ್ರೆ ದಿನಾ ಕೇಳ್ಕಂಡು ಎಷ್ಟು ದಿನಾಂತ ಇರಾದು?"

ಆತ ಕೆಟ್ಟವನಲ್ಲ. ಆ ಕಾಗದವನ್ನು ಫೈಲಿಗೆ ಸೇರಿಸಿದ್ದರೆ ಅದು ಸಲೀಸಾಗಿ ಹೋಗಿಬಿಡುತ್ತಿತ್ತು, ಅದೂ ನಿಜ. ನಾನು ಅದನ್ನು ಇಟ್ಟುಕೊಂಡೆ. ಶುಕ್ರವಾರ ಇಬ್ಬರೂ ಬನ್ನಿ, ಅವಳ ಜೊತೆ ಮಾತಾಡದೆ ನಾನು ಏನೂ ಹೇಳುವುದಿಲ್ಲ ಎಂದೆ.

ಆ ದಿನಗಳಲ್ಲಿ ನಾನು ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಸ್ವಲ್ಪ ದೂರದ ಒಂದು ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಹಿಂದಿನ ವರ್ಷದವರೆಗೆ ನನ್ನ ತಾಯಿ ಜೊತೆಗಿದ್ದರು. ಅವರು ತೀರಿಕೊಂಡಮೇಲೆ ಮಾತಾಡಲು ಮನೆಯಲ್ಲಿ ಯಾರೂ ಇರಲಿಲ್ಲ. ಹಬ್ಬದ ರಜೆ ಬಂದರೆ ಆಸ್ಪತ್ರೆಯಲ್ಲಿ ನಾನೇ ಕೇಳಿ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದೆ. ಈ ವಿಷಯವನ್ನೂ ಸಹೋದ್ಯೋಗಿಗಳ ಜೊತೆ ಹಂಚಿಕೊಳ್ಳುವಂತಿರಲಿಲ್ಲ. ಒಬ್ಬರು, ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ, ಸಹಿ ಹಾಕಿಸಿ ಕಳಿಸಿ ಎಂದರು. ಇನ್ನೊಬ್ಬರು, ಹೊರದೇಶದವರಿಗೆಲ್ಲ ನಮ್ಮ ದುಡ್ಡೇ ಎಂದರು.

ಬುಧವಾರ ರಾತ್ರಿ ಪೌರತ್ವ ಕಾಯ್ದೆಯನ್ನೂ ನೇಪಾಳದ ಗಡಿಯ ನಿಯಮಗಳನ್ನೂ ಫೋನಿನಲ್ಲಿ ತೆರೆದು ಕೂತೆ. ವಕೀಲಿ ಭಾಷೆ, ಒಂದೊಂದು ಕಲಮನ್ನೂ ಎರಡೆರಡು ಸಲ ಓದಬೇಕಾಯಿತು. ಅಷ್ಟಾದರೂ ನಾಲ್ಕು ವಿಷಯ ತಿಳಿದವು. ನೇಪಾಳದವರು ಗಡಿ ದಾಟಿ ಬರಲು ವೀಸಾ ಬೇಡ, ಆದ್ದರಿಂದ ಆಕೆ ಇಲ್ಲಿರುವುದು ಅಪರಾಧವಲ್ಲ. ವೀಸಾ ಬೇಡವಾದ್ದರಿಂದಲೇ ಆಕೆ ಎಂದು ಬಂದಳೆನ್ನಲು ಒಂದು ಚೀಟಿಯೂ ಇಲ್ಲ. ಭಾರತೀಯನನ್ನು ಮದುವೆಯಾಗಿ ಏಳು ವರ್ಷ ಇಲ್ಲಿ ನೆಲೆಸಿದವರು ಪೌರತ್ವಕ್ಕೆ ಅರ್ಜಿ ಹಾಕಬಹುದು. ಕೊನೆಯದನ್ನು ಮಾತ್ರ ಮೂರನೇ ಸಲವೂ ಓದಿದೆ. ತಂದೆ ಭಾರತೀಯನಾಗಿ, ತಾಯಿ ಅಕ್ರಮವಾಗಿ ಬಂದವಳಲ್ಲದಿದ್ದರೆ, ಹುಟ್ಟುವ ಮಗು ಭಾರತೀಯ ಪ್ರಜೆಯೇ. ನಿಜ ಬರೆದರೆ ಮಗುವಿಗೆ ಯಾವ ತೊಡಕೂ ಇಲ್ಲ. ಸುಳ್ಳು ಬರೆದು ಅದು ಮುಂದೆಂದೋ ಹೊರಬಿದ್ದರೆ ತಾಯಿಯ ಪೌರತ್ವದ ಅರ್ಜಿ ಮುಗಿದಂತೆ, ಮಗುವಿನ ಮೇಲೂ ಪ್ರಶ್ನೆ ಬರುತ್ತದೆ.

ಆದರೆ ನಿಜ ಬರೆದರೆ ಮಗುವೇ ಆಗದೆ ಹೋಗಬಹುದು. ಅಂಡಾಣುಗಳು ಕಾಯುವುದಿಲ್ಲ.

ಶುಕ್ರವಾರ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಎರಡು ದಾರಿಗಳನ್ನೂ ವಿವರಿಸಿದೆ. ಒಂದರಲ್ಲಿ ಬೇಗ ಕೆಲಸವಾಗುತ್ತದೆ, ಆದರೆ ಭಯ ಉಳಿಯುತ್ತದೆ. ಇನ್ನೊಂದರಲ್ಲಿ ತಡವಾಗುತ್ತದೆ, ಆಗದೆಯೂ ಇರಬಹುದು. ಆ ಪ್ರಮಾಣಪತ್ರವನ್ನು ನನ್ನ ಕೈಯಿಂದ ಫೈಲಿಗೆ ಹಾಕುವುದಿಲ್ಲ ಎಂದೂ ಹೇಳಿದೆ. ಬೇರೆ ಯಾರ ಕೈಯಿಂದಾದರೂ ಹಾಕಿಸಿದರೆ ನಾನು ಅಡ್ಡ ಬರುವುದಿಲ್ಲ ಎಂದೆ.

ಗಂಡ ತಲೆತಗ್ಗಿಸಿ ಕೂತಿದ್ದ. ಆಕೆ ಪ್ರಮಾಣಪತ್ರವನ್ನು ತನ್ನ ಕಡೆಗೆ ಎಳೆದುಕೊಂಡು ನಿಧಾನವಾಗಿ ಪೂರ್ತಿ ಓದಿದಳು. ಹಿಂದೆ ಆಕೆಗೆ ಅದನ್ನು ಯಾರೂ ಓದಲು ಕೊಟ್ಟಿರಲಿಲ್ಲ ಎಂದು ಆಗ ತಿಳಿಯಿತು.

"ನಮ್ಮಪ್ಪ ಅವ್ವ ಇಬ್ರೂ ಹೋದ್ರು. ಮಾತೂ ಮರ್ತೋಯ್ತು," ಎಂದಳು. "ಹುಟ್ಟಿದ್ ಊರ್ನೂ ಅಳಿಸ್ಬುಟ್ರೆ ನನ್ ತಾವ ಇನ್ನೇನೈತೆ ಮೇಡಮ್ನೋರೆ? ಇದ್ದುದ್ದ ಇದ್ದಂಗೇ ಬರೀರಿ."

ಗಂಡ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಅವನೇ ತಿರುಗಿ ಬಂದು ಎಲ್ಲಿ ಸಹಿ ಹಾಕಬೇಕೆಂದು ಕೇಳಿದ.

ಘೋಷಣಾ ಪತ್ರದ ಎರಡನೇ ಸಾಲಿನ ಮೇಲೆ ಅಡಿಕೋಲಿಟ್ಟು ಗೆರೆ ಎಳೆದೆ. ಪಕ್ಕದಲ್ಲಿ ಬರೆದೆ: ‘ಪತಿ ಭಾರತೀಯ ಪ್ರಜೆ. ಪತ್ನಿ ನೇಪಾಳದಲ್ಲಿ ಜನಿಸಿ ಬಾಲ್ಯದಿಂದ ಇಲ್ಲಿ ವಾಸ.’ ತಿದ್ದಿದ ಜಾಗದಲ್ಲಿ ಇಬ್ಬರ ಸಹಿ, ಕೆಳಗೆ ನನ್ನದು.

ಐದು ವಾರಕ್ಕೆ ಫೈಲು ವಾಪಸು ಬಂತು. ಮೇಲೊಂದು ಚೀಟಿ: ‘ಘೋಷಣಾ ಪತ್ರ ತಿದ್ದಲಾಗಿದೆ. ಅರ್ಹರಲ್ಲ.’

ಅರ್ಹರಲ್ಲ ಎಂದು ಎಲ್ಲಿ ಬರೆದಿದೆ? ಆ ಪ್ರಶ್ನೆ ನನಗೆ ಅಂದು ಮೊದಲ ಬಾರಿ ಬಂತು. ಎರಡು ವರ್ಷದಿಂದ ಫಾರಂ ತುಂಬಿಸುತ್ತಿದ್ದೆ. ಫಾರಂ ಯಾವ ಆದೇಶದ ಜೊತೆ ಬಂದಿತ್ತೋ ಆ ಆದೇಶವನ್ನು ಓದಿರಲಿಲ್ಲ. ಹಳೆಯ ಸುತ್ತೋಲೆಗಳ ಕಡತವನ್ನು ರೆಕಾರ್ಡ್ ರೂಮಿನಿಂದ ತರಿಸಿ ನೋಡಿದೆ. ಆದೇಶ ನಾಲ್ಕು ಪುಟ. ಯಾರಿಗೆ ಎಂಬಲ್ಲಿ ಇದ್ದದ್ದು ಇಷ್ಟು: ‘ರಾಜ್ಯದಲ್ಲಿ ವಾಸವಿರುವ, ಆದ್ಯತಾ ಪಡಿತರ ಚೀಟಿ ಹೊಂದಿದ ಕುಟುಂಬದ ದಂಪತಿ.’ ಪ್ರಜೆ ಎಂಬ ಮಾತು ನಾಲ್ಕು ಪುಟದಲ್ಲಿ ಎಲ್ಲಿಯೂ ಇರಲಿಲ್ಲ. ಅದು ಇದ್ದದ್ದು ಅನುಬಂಧದ ಫಾರಂನಲ್ಲಿ ಮಾತ್ರ. ಬೇರೆ ಯಾವುದೋ ಯೋಜನೆಯ ನಮೂನೆಯಿಂದ ಯಾರೋ ತೆಗೆದು ಹಾಕಿದ್ದಿರಬೇಕು.

ಸಂತೋಷವಾಗಬೇಕಿತ್ತು. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಹಿಂದಿನ ವರ್ಷದ ಇನ್ನೊಂದು ಜೋಡಿ. ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಹೆಂಡತಿ ಇಲ್ಲಿಯವಳು, ಪಡಿತರ ಚೀಟಿಯಿತ್ತು. ಗಂಡ ಶ್ರೀಲಂಕಾದಿಂದ ಬಂದ ತಮಿಳು ನಿರಾಶ್ರಿತರ ಮಗ. ನಿರಾಶ್ರಿತರ ಗುರುತಿನ ಚೀಟಿಯನ್ನು ಅವನು ಎರಡೂ ಕೈಯಲ್ಲಿ ಹಿಡಿದು ತೋರಿಸಿದ್ದ. ನಾನು ಎರಡನೇ ಸಾಲಿನ ಮೇಲೆ ಬೆರಳಿಟ್ಟು, ಇದು ಇರುವವರೆಗೆ ಆಗುವುದಿಲ್ಲ ಎಂದಿದ್ದೆ. ಅವರು ವಾದ ಮಾಡಿರಲಿಲ್ಲ. ಥ್ಯಾಂಕ್ಸ್ ಎಂದು ಹೇಳಿ ಎದ್ದುಹೋಗಿದ್ದರು.

ನೋಂದಣಿ ಪುಸ್ತಕದಲ್ಲಿ ಅವರ ನಂಬರು ಹುಡುಕಿ ಫೋನು ಮಾಡಿದೆ. ಬಳಕೆಯಲ್ಲಿಲ್ಲ ಎಂದಿತು. ಸಂಜೆ ಕಾರ್ಖಾನೆಗೆ ಹೋದೆ. ಕುದಿಯುವ ಗೂಡಿನ ವಾಸನೆಯ ನಡುವೆ ನಿಂತು ಮೇಸ್ತ್ರಿಯನ್ನು ಕೇಳಿದೆ. ಅವರು ಕೆಲಸ ಬಿಟ್ಟು ಆರೇಳು ತಿಂಗಳಾಯಿತು, ತಮಿಳುನಾಡಿಗೆ ಹೋದರಂತೆ, ಯಾವ ಊರೋ ಗೊತ್ತಿಲ್ಲ ಎಂದ. ಕೋಣೆಗೆ ನಡೆದುಕೊಂಡೇ ಬಂದೆ. ಆ ದಿನ ಯಾರ ಜೊತೆಗಾದರೂ ಮಾತಾಡಬೇಕೆನಿಸಿತು. ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಒಂದೊಂದಾಗಿ ನೋಡಿ ಅದನ್ನು ಕೆಳಗಿಟ್ಟೆ. ಅವರಿಬ್ಬರು ಇಂದಿಗೂ ಸಿಕ್ಕಿಲ್ಲ.

ಆದೇಶದ ಪ್ರತಿಯನ್ನು ಲಗತ್ತಿಸಿ, ಫಾರಂ ಆದೇಶಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂದು ಟಿಪ್ಪಣಿ ಬರೆದು, ಡಾಕ್ಟರಮ್ಮನ ಸಹಿ ಹಾಕಿಸಿ ಫೈಲನ್ನು ಮತ್ತೆ ಕಳಿಸಿದೆ. ಈ ಸಲ ಅರ್ಹರಲ್ಲ ಎಂದು ಬರಲಿಲ್ಲ. ‘ಪತ್ನಿಯ ಜನ್ಮಸ್ಥಳದ ಬಗ್ಗೆ ದಾಖಲೆ ಒದಗಿಸುವುದು’ ಎಂದು ಬಂತು.

ಆಕೆಗೆ ತನ್ನ ಊರಿನ ಹೆಸರು ಕಿವಿಯಲ್ಲಿ ಉಳಿದಷ್ಟು ಮಾತ್ರ ಗೊತ್ತು. ಜಿಲ್ಲೆ ಗೊತ್ತಿಲ್ಲ. ಅಂಥ ಹೆಸರಿನ ಊರುಗಳು ಅಲ್ಲಿ ಎಷ್ಟಿವೆಯೋ. ಕೊನೆಗೆ ಆಕೆ, ನಾನು ಇಬ್ಬರೂ ಕೈಲಾಂಚದ ಆ ತೋಟಕ್ಕೆ ಹೋದೆವು. ತೋಟದ ಯಜಮಾನರು ಈಗಿಲ್ಲ, ಅವರ ಹೆಂಡತಿ ಇದ್ದಾರೆ. ಆಕೆಯನ್ನು ನೋಡಿದೊಡನೆ, "ಬಾವ್ವ, ಬಡವಾಗಿದ್ದೀಯಲ್ಲ," ಎಂದು ಒಳಗೆ ಕರೆದು ಮಜ್ಜಿಗೆ ಕೊಟ್ಟರು. ಕಾವಲುಗಾರನ ಕಾಗದಗಳು ಏನಾದರೂ ಉಂಟೇ ಎಂದು ಕೇಳಿದೆ. ಅವರು ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಿ ಬಹಳ ಹೊತ್ತು ಹುಡುಕಿದರು. ಬಿತ್ತನೆ ಬೀಜದ ರಸೀದಿಗಳ ನಡುವೆ ಹರಿದ ಒಂದು ಲಕೋಟೆ ಸಿಕ್ಕಿತು. ಅದರ ಮೇಲೆ ಕಾವಲುಗಾರ ತನ್ನ ಊರಿಗೆ ವಿಳಾಸ ಬರೆದು, ಅಂಚೆಗೆ ಹಾಕದೆ ಬಿಟ್ಟಿದ್ದ. ಅಕ್ಷರ ಹಿಂದಿಯಂತೆಯೇ ಇದ್ದುದರಿಂದ ನಾನು ಓದಿದೆ. ತಮ್ಮನ ಹೆಸರು, ಊರು, ವಾರ್ಡು, ಜಿಲ್ಲೆ.

ಆಕೆ ಆ ಲಕೋಟೆಯೊಳಗೆ ಬೆರಳಾಡಿಸಿ ನೋಡಿದಳು. ಒಳಗೆ ಏನೂ ಇರಲಿಲ್ಲ.

ಹೆದ್ದಾರಿಯ ಹೋಟೆಲೊಂದರಲ್ಲಿ ನೇಪಾಳದ ಅಡುಗೆಯವನೊಬ್ಬನಿದ್ದ. ಡಾಕ್ಟರಮ್ಮನ ಡ್ರೈವರಿಗೆ ಪರಿಚಯ. ಲಕೋಟೆ ನೋಡಿ, ಇದು ನಮ್ಮ ಪಕ್ಕದ ಜಿಲ್ಲೆ ಎಂದ. ಅವನು ಯಾರಿಗೋ, ಅವರು ಇನ್ಯಾರಿಗೋ ಫೋನು ಮಾಡಿ, ಹತ್ತು ದಿನದಲ್ಲಿ ಆಕೆಯ ಚಿಕ್ಕಪ್ಪನ ನಂಬರು ಸಿಕ್ಕಿತು. ಅಣ್ಣನ ಸಾವಿನ ಸುದ್ದಿಯನ್ನು ಹಿಂದಿ ಬಲ್ಲ ಯಾರಿಂದಲೋ ಫೋನಿನಲ್ಲಿ ಹೇಳಿಸಿದ್ದವನೂ ಅವನೇ.

ಹೋಟೆಲಿನ ಹಿಂದೆ, ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ನಿಂತು ಮಾತಾಡಿದೆವು. ಆ ಕಡೆಯಿಂದ ಮುದುಕನ ಧ್ವನಿ ಒಂದೇ ಸಮನೆ ಬರುತ್ತಿತ್ತು. ಆಕೆ ಫೋನನ್ನು ಕಿವಿಗೊತ್ತಿಕೊಂಡು, "ಊಂ, ಊಂ," ಎನ್ನುತ್ತಿದ್ದಳು. ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಡುಗೆಯವನು ಫೋನು ತೆಗೆದುಕೊಂಡು ತನಗೆ ಬರುವ ಕನ್ನಡದಲ್ಲಿ ಹೇಳಿದ. ಮಕ್ಕಳೆಷ್ಟು ಎಂದು ಚಿಕ್ಕಪ್ಪ ಕೇಳುತ್ತಿದ್ದಾನಂತೆ. ಆಕೆ ಇಲ್ಲವೆಂದು ತಲೆಯಾಡಿಸಿದಳು. ಅಡುಗೆಯವನು ಏನೋ ಹೇಳಿದ.

ಆಕೆ ತನ್ನ ಅಪ್ಪ ಹೇಗೆ ಸತ್ತನೆಂದು ಕೇಳಿಸಿದಳು. ಚಿಕ್ಕಪ್ಪ ಉತ್ತರ ಹೇಳಿದ. ಅಡುಗೆಯವನು ಮೊದಲು ಹೇಳಲು ಹಿಂಜರಿದ. ಕೊನೆಯ ದಿನಗಳಲ್ಲಿ ಜ್ವರದಲ್ಲಿ ಆಕೆಯ ಅಪ್ಪ ಯಾವುದೋ ಬೇರೆ ಭಾಷೆಯಲ್ಲಿ ಮಾತಾಡುತ್ತಿದ್ದನಂತೆ. ಏನೋ ಕೇಳುತ್ತಿದ್ದ, ಮನೆಯವರಿಗೆ ತಿಳಿಯಲಿಲ್ಲವಂತೆ.

ಆಕೆ ಅಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಮಾತ್ರ, "ನೀರು ಕೇಳಿರ್ಬೇಕು ಅಕ್ಕೋರೆ," ಎಂದಳು. ಅಂದಿನಿಂದ ನಾನು ಆಕೆಗೆ ಅಕ್ಕನಾದೆ.

ಚಿಕ್ಕಪ್ಪ ಆಕೆಯ ಅಪ್ಪನ ನೇಪಾಳದ ನಾಗರಿಕತ್ವ ಪತ್ರದ ಫೋಟೊ ಕಳಿಸಿದ. ಜೊತೆಗೆ ವಾರ್ಡು ಕಚೇರಿಯಿಂದ, ಇಂಥವನ ಮಗಳು ಇಲ್ಲಿ ಹುಟ್ಟಿದವಳು ಎಂಬ ಪತ್ರ. ಅವೆರಡರ ಪ್ರತಿಯನ್ನು ಫೈಲಿಗೆ ಹಾಕಿ, ಈ ಸಲ ಅಂಚೆಗೆ ಕೊಡದೆ ಒಂದು ದಿನ ರಜೆ ಹಾಕಿ ಬೆಂಗಳೂರಿನ ಕಚೇರಿಗೆ ನಾನೇ ಹೋದೆ.

ಆ ಶಾಖೆಯ ಅಧಿಕಾರಿ ನಿವೃತ್ತಿಗೆ ಹತ್ತಿರವಾದವರು. ಮಧ್ಯಾಹ್ನ ಮೂರರವರೆಗೆ ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಒಳಗೆ ಕರೆದಮೇಲೆ ಫೈಲನ್ನು ಮೊದಲ ಹಾಳೆಯಿಂದ ಓದಿದರು. ಕ್ಷಯಕ್ಕೆ ಚಿಕಿತ್ಸೆ ಮುಗಿಸಿದ ಕಾರ್ಡಿನ ಬಳಿ ನಿಂತು, "ಇದು ಸರ್ಕಾರದ್ದೇ ಮಾತ್ರೆನಾ?" ಎಂದರು. ಹೌದು, ಆಶಾ ಕಾರ್ಯಕರ್ತೆ ಆರು ತಿಂಗಳು ಮನೆಗೆ ತಂದುಕೊಟ್ಟದ್ದು ಎಂದೆ. ಆಗ ಯಾರೂ ಏನೂ ಕೇಳಲಿಲ್ಲವೇ ಎಂದರು. ಇಲ್ಲ ಎಂದೆ.

ಅವರು ಆದೇಶದ ಪುಟ ತೆರೆದು ಆ ಒಂದು ವಾಕ್ಯವನ್ನು ಪೆನ್ನಿನ ಹಿಂಬದಿಯಿಂದ ಅನುಸರಿಸಿ ಎರಡು ಸಲ ಓದಿದರು. ಕಡೆಗೆ, "ತಿದ್ದಿ ಬರೆದು ಒಳ್ಳೇದು ಮಾಡಿದ್ರಿ. ಸುಮ್ನೆ ಸಹಿ ಹಾಕ್ಸಿದ್ರೆ ನನಗೆ ಇದನ್ನ ಓದೋ ಕೆಲಸ ಬರ್ತಿರಲಿಲ್ಲ," ಎಂದು ಟಿಪ್ಪಣಿ ಬರೆಯತೊಡಗಿದರು. ಮಂಜೂರಾತಿ ಪತ್ರ ಮೂರು ವಾರದ ನಂತರ ಬಂತು. ಆಕೆ ಮೊದಲು ನನ್ನ ಮೇಜಿನ ಮುಂದೆ ಕೂತಂದಿನಿಂದ ಹನ್ನೊಂದು ತಿಂಗಳಾಗಿತ್ತು.

ಅಂಡಾಣುಗಳನ್ನು ಬೆಳೆಸುವ ಚುಚ್ಚುಮದ್ದು ದಿನವೂ ಒಂದೇ ಹೊತ್ತಿಗೆ ಆಗಬೇಕು, ತಂಪಿನಲ್ಲಿಡಬೇಕು, ದಿನ ಬಿಟ್ಟು ದಿನ ಬೆಂಗಳೂರಿಗೆ ಹೋಗಿ ಸ್ಕ್ಯಾನ್ ಮಾಡಿಸಬೇಕು. ಕಬ್ಬಾಳಿನಿಂದ ಅದು ಆಗುವ ಮಾತಲ್ಲ. ಗಂಡ ಕುರಿಗಳನ್ನು ಬಿಟ್ಟು ದಿನವೂ ಬರುವಂತಿಲ್ಲ. ನನ್ನ ಕೆಲಸದ ನಿಯಮದ ಪ್ರಕಾರ ಮಾಡಬಾರದ್ದನ್ನು ನಾನು ಮಾಡಿದೆ. ಡಾಕ್ಟರಮ್ಮನಿಗೆ ಹೇಳಿ, ಆಕೆಯನ್ನು ನನ್ನ ಕೋಣೆಯಲ್ಲಿ ಇರಿಸಿಕೊಂಡೆ.

ಹದಿನೆಂಟು ದಿನ ಇದ್ದಳು. ಬೆಳಿಗ್ಗೆ ನಾನೇಳುವುದರೊಳಗೆ ಮೆಟ್ಟಿಲು ಗುಡಿಸಿರುತ್ತಿದ್ದಳು. ಬೇಡವೆಂದರೂ ಮುದ್ದೆ ತಿರುವುತ್ತಿದ್ದಳು. ಸಂಜೆ ಏಳಕ್ಕೆ ಹೊಟ್ಟೆಯ ಒಂದು ಬದಿಗೆ ನಾನು ಚುಚ್ಚುವಾಗ ಗೋಡೆಯ ಕ್ಯಾಲೆಂಡರ್ ನೋಡುತ್ತ ಕುರಿಗಳ ವಿಚಾರ ಹೇಳುತ್ತಿದ್ದಳು. ಯಾವ ಕುರಿ ಮರಿಯನ್ನು ಸೇರಿಸುವುದಿಲ್ಲ, ಅದಕ್ಕೆ ಏನು ಮಾಡಬೇಕು ಎಂಬುದೆಲ್ಲ. ನನ್ನ ತಾಯಿಯ ಮಂಚದ ಮೇಲೆ ಮಲಗಲು ಮಾತ್ರ ಒಪ್ಪಲಿಲ್ಲ, ನೆಲದ ಮೇಲೆ ಚಾಪೆ ಹಾಸಿಕೊಂಡಳು. ಆ ದಿನಗಳಲ್ಲಿ ಆಸ್ಪತ್ರೆಯಿಂದ ನಾನು ಸರಿಯಾದ ಹೊತ್ತಿಗೆ ಹೊರಡುತ್ತಿದ್ದೆ.

ಮೂರು ಅಂಡಾಣು ಸಿಕ್ಕವು. ಒಂದೇ ಭ್ರೂಣವಾಯಿತು. ವರ್ಷದ ಹಿಂದಾಗಿದ್ದರೆ ಇನ್ನಷ್ಟು ಸಿಗುತ್ತಿದ್ದವೇ ಎಂದು ನಾನು ಡಾಕ್ಟರಮ್ಮನನ್ನು ಕೇಳಿದೆ. ಅವರು, "ಅದನ್ನ ಕೇಳ್ಬೇಡಿ," ಎಂದರು. ಆ ಒಂದನ್ನು ಗರ್ಭದೊಳಗೆ ಇಟ್ಟು, ಎರಡು ದಿನ ಬಿಟ್ಟು ಗಂಡ ಬಂದು ಕರೆದುಕೊಂಡು ಹೋದ. ಚಾಪೆ ಸುತ್ತಿ ಗೋಡೆಗೊರಗಿಸಿ ಹೋಗಿದ್ದಳು. ನಾನು ಅದನ್ನು ಎತ್ತಿಡದೆ ಹಾಗೆಯೇ ಬಿಟ್ಟೆ.

ಹದಿನಾಲ್ಕನೇ ದಿನ ರಕ್ತಪರೀಕ್ಷೆ ನಮ್ಮಲ್ಲೇ. ಇಬ್ಬರೂ ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದರು. ಹನ್ನೊಂದೂವರೆಗೆ ವರದಿ ನನ್ನ ಕೈಗೆ ಬಂತು. ಗರ್ಭ ನಿಂತಿರಲಿಲ್ಲ. ಇಂಥದ್ದನ್ನು ಹೇಳುವುದಕ್ಕೆ ನನಗೆ ತರಬೇತಿ ಆಗಿದೆ. ಮೊದಲು ಕೂರಿಸಬೇಕು, ನೇರವಾಗಿ ಹೇಳಬೇಕು, ಆಮೇಲೆ ಸುಮ್ಮನಿರಬೇಕು. ಹಾಗೆಯೇ ಮಾಡಿದೆ.

ಗಂಡ ಕೇಳಿದ್ದು ಒಂದೇ ಪ್ರಶ್ನೆ, ಸರ್ಕಾರದ ಖರ್ಚಿನಲ್ಲಿ ಇನ್ನೊಂದು ಸಲ ಇದೆಯೇ ಎಂದು. ಇಲ್ಲ ಎಂದೆ. ಆತ ನನ್ನ ಮೇಲೆ ರೇಗಬಹುದಿತ್ತು. ಆ ಹನ್ನೊಂದು ತಿಂಗಳ ಲೆಕ್ಕ ಅವನಿಗೂ ಗೊತ್ತಿತ್ತು. "ಬುಡಿ ಮೇಡಮ್ನೋರೆ," ಎಂದಷ್ಟೇ ಹೇಳಿ, ಬಸ್ಸಿನ ಹೊತ್ತು ಕೇಳಿಕೊಂಡು ಬರುತ್ತೇನೆಂದು ಹೊರಗೆ ಹೋದ. ಅವನು ಕಾಂಪೌಂಡಿನ ಗೋಡೆಗೆ ಮುಖ ಮಾಡಿ ನಿಂತಿದ್ದು ಕಿಟಕಿಯಿಂದ ಕಾಣುತ್ತಿತ್ತು.

ಫೈಲಿನಲ್ಲಿದ್ದ ಮಂಜೂರಾತಿ ಪತ್ರ ಮತ್ತು ವಾರ್ಡು ಕಚೇರಿಯ ಪತ್ರದ ಪ್ರತಿಗಳನ್ನು ಆಕೆಗೆ ಕೊಟ್ಟೆ. ಪೌರತ್ವದ ಅರ್ಜಿಗೆ ಇವು ಬೇಕಾಗುತ್ತವೆ, ಅರ್ಜಿ ನಾನೇ ತುಂಬಿಕೊಡುತ್ತೇನೆ ಎಂದೆ. ಆಕೆ ಅವನ್ನು ಸೆರಗಿನೊಳಗೆ ಇಟ್ಟುಕೊಂಡಳು. ನಿಜ ಬರೆಸಿದ್ದಕ್ಕೆ ಆಕೆಗೆ ನನ್ನ ಮೇಲೆ ಬೇಸರವಿದೆಯೇ ಎಂದು ಕೇಳಬೇಕೆಂದುಕೊಂಡೆ. ಉತ್ತರ ಏನು ಬಂದರೂ ಅದು ನನಗಾಗಿ ಹೇಳಿದ್ದಾಗಿರುತ್ತದೆ ಎಂದು ಕೇಳಲಿಲ್ಲ.

ಆಕೆ ಫೋನು ತೆಗೆದು ನಂಬರು ಒತ್ತಿದಳು. ಅತ್ತೆಗಿರಬೇಕೆಂದುಕೊಂಡೆ. ಆ ಕಡೆ ಎತ್ತಿದ್ದು ಚಿಕ್ಕಪ್ಪ. ಅಡುಗೆಯವನು ಜೊತೆಗಿಲ್ಲ, ಹೇಗೆ ಮಾತಾಡುತ್ತೀಯ ಎಂದು ನಾನು ಕೈಸನ್ನೆ ಮಾಡಿದೆ. ಆಕೆ ನೋಡಲಿಲ್ಲ.

"ಚಿಕ್ಕಪ್ಪ, ನಾನು ಕಣಪ್ಪ," ಎಂದು ಶುರು ಮಾಡಿದಳು. "ಆಗ್ಲಿಲ್ಲ. ಒಂದೇ ಒಂದು ಐತೆ ಅಂದಿದ್ರು, ಅದೂ ನಿಲ್ನಿಲ್ಲ." ಆಮೇಲೆ ಒಂದೊಂದನ್ನೇ ಹೇಳಿದಳು. ಚುಚ್ಚಿದ ಸೂಜಿಗಳು, ಬೆಂಗಳೂರಿನ ರೈಲು, ಹದಿನಾಲ್ಕು ದಿನ ಭಾರ ಎತ್ತದೆ ಕೂತದ್ದು, ಅತ್ತೆ ಎಂದೂ ಇಲ್ಲದೆ ಎರಡು ದಿನದಿಂದ ತಾನೇ ಊಟ ಬಡಿಸಿದ್ದು, ಈಗ ಮನೆಗೆ ಹೋಗಿ ಏನು ಹೇಳಲಿ ಎಂಬುದು. ನನಗೆ ಹೇಳದಿದ್ದ ಮಾತುಗಳೂ ಅದರಲ್ಲಿದ್ದವು. ಎಲ್ಲವೂ ಕಬ್ಬಾಳಿನ ಕನ್ನಡದಲ್ಲಿ. ಆ ಮುದುಕನಿಗೆ ಒಂದಕ್ಷರವೂ ತಿಳಿಯುವಂತಿರಲಿಲ್ಲ.

ನಾನು ಎದ್ದು ಬಾಗಿಲು ಮುಂದೆ ಮಾಡಿ, ಹೊರಗೆ ಕಾದಿದ್ದವರಿಗೆ ಹತ್ತು ನಿಮಿಷ ಎಂದೆ. ತಿರುಗಿ ಬಂದಾಗ ಆಕೆ ಇನ್ನೂ ಹೇಳುತ್ತಲೇ ಇದ್ದಳು, ಈಗ ಅಳುತ್ತಿದ್ದಳು. ಆ ಕಡೆಯಿಂದ ನಡುನಡುವೆ ಆ ಧ್ವನಿ ಮೆಲ್ಲಗೆ ಕೇಳುತ್ತಿತ್ತು. ಊಂ. ಊಂ.

ಆಕೆ ಪೂರ್ತಿ ಹೇಳಿ ಮುಗಿಸುವವರೆಗೆ ಅವನು ಫೋನು ಇಡಲಿಲ್ಲ.